ಬಂಗುಡೆಗೆ ಸೋಪಿನ ಸ್ನಾನ

ಕೊರೊನಾ ಬಂದು ಊರಿಗೆ ಬೀಗ ಬಿದ್ದ ದಿನ ನಮ್ಮ ಮನೆಯ ಆರೋಗ್ಯ ಇಲಾಖೆಯನ್ನು ನಾನೇ ವಹಿಸಿಕೊಂಡೆ. ವಹಿಸಿಕೋ ಎಂದು ಯಾರೂ ಹೇಳಿರಲಿಲ್ಲ. ಹಡಗು ಕಂಪೆನಿಯ ಆಫೀಸಿನಲ್ಲಿ ಮೂವತ್ತು ವರ್ಷ ಫೈಲು ನೋಡಿದವನಿಗೆ ಒಂದು ವೈರಸ್ ಯಾವ ಲೆಕ್ಕ ಎಂಬ ಧೈರ್ಯ ನನ್ನದು.

ಇಲಾಖೆಯ ವ್ಯಾಪ್ತಿಗೆ ಬರುವ ವೃದ್ಧರು ಒಬ್ಬರೇ: ನನ್ನ ಅಕ್ಕ ಗಿರಿಜ, ವಯಸ್ಸು ಎಪ್ಪತ್ತಾರು. ನನಗೂ ಅರವತ್ತೇಳು ಆಗಿತ್ತು ನಿಜ. ಆದರೆ ಅಧಿಕಾರಿಗೆ ವಯಸ್ಸಾಗುವುದಿಲ್ಲ! ಅಕ್ಕ ಬಂದರಿನಲ್ಲಿ ನಲವತ್ತು ವರ್ಷ ಬುಟ್ಟಿ ಇಟ್ಟು ಮೀನು ಮಾರಿದವಳು. ನನ್ನನ್ನು ಓದಿಸಿದ್ದೂ ಆ ಬುಟ್ಟಿಯೇ. ವ್ಯಾಪಾರ ಬಿಟ್ಟು ಬಿಕರ್ನಕಟ್ಟೆಯ ನಮ್ಮ ಮನೆಗೆ ಬಂದ ಮೇಲೂ ಬೆಳಿಗ್ಗೆ ಬಸ್ಸು ಹತ್ತಿ ಬಂದರಿಗೆ ಹೋಗುತ್ತಿದ್ದಳು. ಹಳೆಯ ಗೆಳತಿಯರ ಹತ್ತಿರ ನಾಲ್ಕು ಮಾತಾಡಿ, ಸ್ವಲ್ಪ ಜಗಳವಾಡಿ, ಮೀನು ಹಿಡಿದುಕೊಂಡು ವಾಪಸು ಬರುತ್ತಿದ್ದಳು.

ಅದನ್ನು ನಿಲ್ಲಿಸಿದೆ. ಅಕ್ಕನಿಗೆ ಮಹಡಿಯ ಕೋಣೆ ಕೊಟ್ಟು, ಬಾಗಿಲಿಗೆ ಹನ್ನೊಂದು ನಿಯಮಗಳ ಪಟ್ಟಿ ಅಂಟಿಸಿದೆ. ಮೊದಲನೆಯದು: 'ಅರವತ್ತೈದು ದಾಟಿದವರು ಹೊರಗೆ ಹೋಗತಕ್ಕದ್ದಲ್ಲ.' ದಿನಕ್ಕೆ ಮೂರು ಸಲ ಅವಳ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಟುಬುಕ್ಕಿನಲ್ಲಿ ಬರೆದೆ. ತೊಂಬತ್ತೆಂಟು! ಸಂಜೆಯೂ ತೊಂಬತ್ತೆಂಟು! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನೋಟುಬುಕ್ಕಿಗೆ ಸಿಗದ ಸಂಗತಿ ಒಂದಿತ್ತು. ಅಕ್ಕ ಮಾತು ಬಿಟ್ಟಿದ್ದಳು. ಮೊದಲ ವಾರ ತಟ್ಟೆಯಲ್ಲಿ ಅರ್ಧ ಅನ್ನ ಹಾಗೆಯೇ ವಾಪಸು ಬರುತ್ತಿತ್ತು; ಮೂರನೆಯ ವಾರ ಅವಳು ತಿನ್ನುತ್ತಿದ್ದದ್ದೇ ಎರಡು ತುತ್ತು. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನನಗೆ ಹೆದರಿಕೆಯಾಯಿತು.

"ಅಕ್ಕನಿಗೆ ಎಂತ ಆಗಿದೆ ಮಾರಾಯ್ತಿ?" ಎಂದು ಹೆಂಡತಿ ವನಜಳನ್ನು ಕೇಳಿದೆ.

"ಹುಟ್ಟಿದ ಮೇಲೆ ಇಷ್ಟು ದಿನ ಮೀನಿಲ್ಲದೆ ಅವರು ಇದ್ದದ್ದುಂಟಾ? ನಿಮ್ಮ ಪಟ್ಟಿಯಲ್ಲಿ ಮೀನು ಉಂಟಾ?"

ಇರಲಿಲ್ಲ.

ಮರುದಿನ ಬೆಳಿಗ್ಗೆ ಗಲ್ಲಿಯಲ್ಲಿ ಮೀನು ಮಾರುವ ಹಸನಬ್ಬರ ಸ್ಕೂಟರಿನ ಹಾರ್ನ್ ಕೇಳಿತು. "ನಾನೇ ತರ್ತೇನೆ" ಎಂದು ಘೋಷಿಸಿದೆ. ಅಜ್ಜ ದೋಣಿಯಲ್ಲಿ, ಅಪ್ಪ ದೋಣಿಯಲ್ಲಿ, ಅಕ್ಕ ಬಂದರಿನಲ್ಲಿ. ಮೀನು ನನ್ನ ರಕ್ತದಲ್ಲೇ ಉಂಟು! ರಕ್ತದಲ್ಲಿ ಇದ್ದದ್ದು ಹೌದು, ತಲೆಯಲ್ಲಿ ಇರಲಿಲ್ಲ. ಅಕ್ಕ ತಂದದ್ದನ್ನು ತಿಂದದ್ದು ಬಿಟ್ಟರೆ ನಾನು ಜನ್ಮದಲ್ಲಿ ಒಂದು ಮೀನು ಕೊಂಡವನಲ್ಲ.

ಎರಡು ಮಾಸ್ಕ್, ಗ್ಲೌಸ್, ಮಳೆಗಾಲದ ರೈನ್‌ಕೋಟ್ ಧರಿಸಿ ಗೇಟಿಗೆ ಹೋದೆ. ಹಸನಬ್ಬ ಎರಡು ಹೆಜ್ಜೆ ಹಿಂದೆ ಸರಿದರು.

"ಯಾರು, ಜಯಣ್ಣನಾ? ಎಂತ, ಮನೆಯಲ್ಲಿ ಯಾರಿಗಾದ್ರೂ ಪಾಸಿಟಿವ್ ಉಂಟಾ?"

"ಇಲ್ಲ. ಬಂಗುಡೆ ಕೊಡಿ. ಆರು ಅಡಿ ದೂರದಿಂದ!"

"ಕಿವಿ ಎತ್ತಿ ನೋಡುದಿಲ್ವಾ? ಒಳಗೆ ಕಿವಿರು ಕೆಂಪು ಉಂಟು, ಈಗ ಬಂದ ಮೀನು."

"ಮುಟ್ಟುವ ಪ್ರಶ್ನೆಯೇ ಇಲ್ಲ."

ಅವರು ಮೀನು ಕೊಯ್ದು ಕೊಟ್ಟರು. "ಗಿರಿಜಕ್ಕ ಹೇಗಿದ್ದಾರೆ? ಬಂದರಿನಲ್ಲಿ ಎಲ್ಲರೂ ಕೇಳ್ತಾರೆ. ಹೇಳಿ ಅವರಿಗೆ" ಎಂದರು. ಇಂಥ ಸಣ್ಣಪುಟ್ಟ ವಿಷಯಗಳಿಗೆ ಇಲಾಖೆಯಲ್ಲಿ ಸಮಯವಿಲ್ಲ. ನಾನು ಹೇಳಲಿಲ್ಲ.

ನಿಯಮ ಏಳರ ಪ್ರಕಾರ ಹೊರಗಿನಿಂದ ಬಂದ ಯಾವುದೇ ವಸ್ತು ಇಪ್ಪತ್ತು ನಿಮಿಷ ಸೋಪಿನ ನೀರಿನಲ್ಲಿ ಇರತಕ್ಕದ್ದು. ತೊಂಡೆಕಾಯಿಗೆ ಆಗಿತ್ತು, ಹಾಲಿನ ಪ್ಯಾಕೆಟಿಗೆ ಆಗಿತ್ತು. ಬಂಗುಡೆಗೆ ಮಾತ್ರ ವಿನಾಯಿತಿ ಕೊಟ್ಟರೆ ಅದು ಪಕ್ಷಪಾತ! ಹಿತ್ತಿಲಲ್ಲಿ ಪಾತ್ರೆ ತೊಳೆಯುವ ಲಿಂಬೆ ಪರಿಮಳದ ಸೋಪು ಕಲಸಿ ಮುಳುಗಿಸಿದೆ. ಹೊಟ್ಟೆಯೊಳಗೆ ಬ್ರಷ್ಷೂ ಹಾಕಿದೆ. ಮೇಲೊಮ್ಮೆ ನೀರು ಹೊಯ್ದು, ಏನೂ ಹೇಳದೆ ವನಜಳ ಕೈಗೆ ಕೊಟ್ಟೆ.

ಬಂಗುಡೆಯ ಪುಳಿಮುಂಚಿ ಸಾರು ಒಲೆಗೇರಿತು. ಹುಳಿ, ಖಾರ, ಶುಂಠಿಯ ಘಮ ಮಹಡಿಗೆ ಹೋಯಿತು. ಆಮೇಲೆ ಅಡುಗೆಮನೆಯಿಂದ ಕೂಗು.

"ಇಲ್ಲಿ ಬನ್ನಿ! ಗಸಿ ನೊರೆ ಬರ್ತಾ ಉಂಟು!"

"ತಾಜಾ ಮೀನು ಹಾಗೆಯೇ" ಎಂದು ಅನುಭವಸ್ಥನಂತೆ ಹೇಳಿದೆ.

ನೊರೆ ಮಣ್ಣಿನ ಪಾತ್ರೆಯ ಬಾಯಿ ದಾಟಿತು. ಒಲೆಯ ಮೇಲೆ ಇಳಿದು ಗ್ಯಾಸ್ ಆರಿಸಿತು. ಅಷ್ಟರಲ್ಲಿ ಮೂರು ವಾರ ಕೆಳಗಿಳಿಯದ ಅಕ್ಕ ಗೋಡೆ ಹಿಡಿದುಕೊಂಡು ಇಳಿದು ಬಂದಿದ್ದಳು. ಸೌಟು ತೆಗೆದು ಮೂಸಿದಳು.

"ಜಯ, ಇದನ್ನು ಯಾವುದರಲ್ಲಿ ತೊಳೆದದ್ದು?"

"ಸೋಪಿನಲ್ಲಿ... ನಿಯಮ ಏಳು..."

ಅಕ್ಕ ಸೌಟು ಕೆಳಗಿಟ್ಟಳು. ಅವಳ ಭುಜ ನಡುಗಿತು. ಅಳುತ್ತಾಳೆ ಎಂದುಕೊಂಡು ಹತ್ತಿರ ಹೋಗಿ ನೋಡಿದರೆ, ನಗು!

"ಹುಟ್ಟಿದಲ್ಲಿಂದ ಕಡಲಲ್ಲೇ ಇದ್ದ ಮೀನಿಗೆ ನೀನು ಸ್ನಾನ ಮಾಡಿಸಿದ್ದಾ ಮಾರಾಯ! ಅಪ್ಪ ಇದ್ದಿದ್ರೆ ನಿನ್ನನ್ನು ಬಲೆಯಲ್ಲಿ ಸುತ್ತಿ ಹಾಕ್ತಿದ್ರು!"

ವನಜಳೂ ನಕ್ಕಳು. ನಕ್ಕು ಸುಸ್ತಾಗಿ ಅಕ್ಕ ಸ್ಟೂಲಿನ ಮೇಲೆ ಕುಳಿತು, "ಮೀನು ಯಾರು ಕೊಟ್ಟದ್ದು?" ಎಂದಳು.

"ಹಸನಬ್ಬ. ನೀನು ಹೇಗಿದ್ದೀ ಅಂತ ಕೇಳಿದ್ರು. ಬಂದರಿನಲ್ಲಿ ಎಲ್ಲರೂ ಕೇಳ್ತಾರಂತೆ."

ಅಕ್ಕನ ನಗು ನಿಂತಿತು. "ಅದನ್ನು ಬಂದ ಕೂಡಲೇ ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ? ನಾನು ಇದ್ದೇನಾ, ಸತ್ತೆನಾ ಅಂತ ಕೇಳುವವರು ಯಾರೂ ಇಲ್ಲ ಅಂತ ಎಣಿಸಿದ್ದೆ ನಾನು."

ದಿನಕ್ಕೆ ಮೂರು ಸಲ ನಾನು ಅಕ್ಕನ ಬೆರಳನ್ನು ವಿಚಾರಿಸಿದ್ದೆ. ಅಕ್ಕನನ್ನು ಒಮ್ಮೆಯೂ ವಿಚಾರಿಸಿರಲಿಲ್ಲ.

ಮರುದಿನ ಹಾರ್ನ್ ಕೇಳುವ ಮೊದಲೇ ಅಕ್ಕ ಮಾಸ್ಕ್ ಹಾಕಿಕೊಂಡು ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕುಳಿತಿದ್ದಳು. ಕೆಳಗೆ ಇಳಿಬಿಡಲು ಹಗ್ಗ ಕಟ್ಟಿದ ಬುಟ್ಟಿಯೂ ತಯಾರಿತ್ತು.

"ಹಸನಬ್ಬ, ಕಿವಿ ಎತ್ತಿ ತೋರಿಸು! ಅದಲ್ಲ, ಅಡಿಯದ್ದು! ಅದು ನಿನ್ನೆಯದ್ದು, ಯಾರಿಗೆ ಹೇಳ್ತೀ?"

"ಗಿರಿಜಕ್ಕ ಬಂದ್ರು! ಇನ್ನು ನನ್ನ ವ್ಯಾಪಾರ ಆದ ಹಾಗೆಯೇ!" ಎಂದು ಹಸನಬ್ಬ ಸಂತೋಷದಿಂದ ಕೂಗಿದರು. ಯಾರ ಮೊಣಕಾಲು ಹೇಗುಂಟು, ಯಾರ ಮಗಳಿಗೆ ಹೆರಿಗೆ ಆಯಿತು, ಬಂದರಿನ ಸುದ್ದಿಯೆಲ್ಲ ಮೇಲಕ್ಕೆ ಹೋಯಿತು. ಆಚೀಚೆ ಮನೆಯ ಹೆಂಗಸರು ಗೇಟಿನಲ್ಲೇ ನಿಂತು ಅಕ್ಕನ ತೀರ್ಪಿಗೆ ಕಾದರು. ಆ ಮಧ್ಯಾಹ್ನ ಅಕ್ಕ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ನಾನು ತಟ್ಟೆ ನೋಡುತ್ತಾ ಕುಳಿತೆ. ಆಕ್ಸಿಮೀಟರಿನ ನೆನಪೇ ಆಗಲಿಲ್ಲ.

ನಿಯಮಗಳ ಪಟ್ಟಿ ಈಗಲೂ ಉಂಟು, ನನ್ನ ಕೋಣೆಯ ಬಾಗಿಲಿನಲ್ಲಿ. ಮೊದಲನೆಯದನ್ನು ವನಜಳಿಂದ ಓದಿಸಿಕೊಂಡು ಅಕ್ಕ, "ಇವನಿಗೂ ಅರವತ್ತೈದು ದಾಟಿದೆಯಲ್ಲ, ಒಳಗೇ ಕೂರಿಸು" ಎಂದು ಪಟ್ಟಿಯನ್ನು ನನ್ನ ಬಾಗಿಲಿಗೆ ವರ್ಗ ಮಾಡಿಸಿದಳು. ಕೊನೆಗೆ ಹನ್ನೆರಡನೆಯದನ್ನೂ ಬರೆಸಿದಳು: 'ಜಯ ಸೋಪು ಮುಟ್ಟತಕ್ಕದ್ದಲ್ಲ.' ಹಾಗಾಗಿ ಲೋಕವೆಲ್ಲ ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುತ್ತಿದ್ದ ಆ ಕಾಲದಲ್ಲಿ, ಪ್ರತಿ ಸಲವೂ ಮಹಡಿಯ ಅನುಮತಿ ಪಡೆದು ತೊಳೆದವನು ನಾನೊಬ್ಬನೇ!