ಬಾನೆಟ್ಟಿನೊಳಗಿನ ಟರ್ಬೋ ಮಹೋದಯರ ಸನ್ನಿಧಾನಕ್ಕೆ

ಹೂಡಿ, ನವೆಂಬರ್ ೨೦೧೩

ಮಾನ್ಯ ಟರ್ಬೋ ಮಹೋದಯರೇ,

ನನ್ನ ಕಾರಿನ ಬಾನೆಟ್ಟಿನೊಳಗೆ ಕೂತು ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತ ಸದಾ ಕೆಂಡವಾಗಿ ವಿರಾಜಮಾನರಾಗಿರುವ ತಮಗೆ ದೂರದಿಂದಲೇ ಸಾಷ್ಟಾಂಗ ಪ್ರಣಾಮಗಳು. ಪೀಣ್ಯದ ಫ್ಯಾನ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿ ಊರಿಗೆಲ್ಲ ಗಾಳಿ ಹಂಚಿಯೂ ತಮ್ಮೊಬ್ಬರನ್ನು ತಣ್ಣಗಾಗಿಸಲಾರದೆ ಸೋತ ಮುರಳಿಯೆಂಬ ನಾನು ಈ ಅಹವಾಲನ್ನು ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ.

ತಮ್ಮ ಸೇವೆಗೆಂದೇ ಗ್ಯಾರೇಜಿನ ನರೇಶನಿಂದ ದೊಡ್ಡ ಇಂಟರ್‌ಕೂಲರ್ ಹಾಕಿಸಿದೆ. ತಾವು ಒತ್ತಿ ಬಿಸಿಮಾಡಿದ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮೊದಲು ತಣಿಸುವ ಆ ಬೆಳ್ಳಿ ಬಣ್ಣದ ಪೆಟ್ಟಿಗೆ ಮುಂದಿನ ಜಾಲರಿಯ ಹಿಂದೆ ಥಳಥಳಿಸಿದ್ದನ್ನು ಬೀದಿಯೇ ನಿಂತು ನೋಡಿತು. “ಇಷ್ಟ್ ಜನರ ಕಣ್ಣು ಬಿದ್ರೆ ಕಾರು ಉಳೀತದಾ?” ಎಂದ ನನ್ನ ತಾಯಿ ರಾಮಮ್ಮ, ಕಟ್ಟುವ ಮನೆಗಳಿಗೆ ತೂಗುಹಾಕುವಂಥ, ನಾಲಗೆ ಚಾಚಿದ, ಮೊರದಗಲದ ದೃಷ್ಟಿಬೊಂಬೆಯ ಮುಖವೊಂದನ್ನು ತಂದು ಜಾಲರಿಗೆ ಬಿಗಿದರು. ಅದೇ ವಾರ ತಮಗೆ ಜ್ವರ ಶುರುವಾಯಿತು. ದೊಡ್ಡವರ ಸ್ವಭಾವವೇ ಹೀಗೆಂದು ನಾನು ಸಹಿಸಿಕೊಂಡೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಬಿಸಿ ಹೊರಹೋಗಲೆಂದು ಬಾನೆಟ್ಟಿಗೆ ಸಾಲುಸಾಲು ಸೀಳು ಕೊಯ್ಯಿಸಿದೆ. ತಮ್ಮ ಮೈಗೆ ಶಾಖ ತಡೆಯುವ ಹೊದಿಕೆ ಹೊದಿಸಿದೆ. ಅಲಂಕಾರ ಹೆಚ್ಚಿದಂತೆ ನೋಡುವವರು ಹೆಚ್ಚಿದರು, ನೋಡುವವರು ಹೆಚ್ಚಿದಂತೆ ಅಮ್ಮ ಬೊಂಬೆಯ ಎಡಕ್ಕೆ ಪಟಿಕದ ಗಂಟನ್ನೂ ಬಲಕ್ಕೆ ಹಳೇ ಚಪ್ಪಲಿಯನ್ನೂ ಸೇರಿಸಿದರು. ನರೇಶನೋ ಬಲು ದೈವಭೀರು. ಪ್ರತಿ ಸಲವೂ ಅವೆಲ್ಲವನ್ನೂ ಭಕ್ತಿಯಿಂದ ಬಿಚ್ಚಿಟ್ಟು, ಕಾರು ಓಡಿಸಿ ನೋಡಿ, “ಕೂಲ್ ಆಗಿದೆ ಸಾರ್, ಏನೂ ಪ್ರಾಬ್ಲಂ ಇಲ್ಲ” ಎಂದು ಹೇಳಿ, ಮತ್ತೆ ಅಷ್ಟೇ ಭಕ್ತಿಯಿಂದ ಕಟ್ಟಿ ಕಳಿಸುತ್ತಿದ್ದ. ಅವನೆದುರು ಹಸುವಿನಂತಿದ್ದು ನನ್ನೆದುರು ಮಾತ್ರ ಕುದಿಯುತ್ತಿದ್ದ ತಮ್ಮ ನಟನೆಗೆ ಯಾವ ಪ್ರಶಸ್ತಿ ಕೊಟ್ಟರೂ ಕಡಿಮೆಯೇ.

ಇಷ್ಟರಲ್ಲಿ ನನ್ನ ಪತ್ನಿ ವೇಣಿ, “ಇನ್ನೊಂದ್ ಸಲ ಈ ಕಾರು ರೋಡಲ್ಲಿ ನಿಂತ್ರೆ ಈಶಪ್ಪಂಗೆ ಮಾರಿಬಿಡ್ತೀನಿ ಕಣ್ರೀ” ಎಂದು, ಹಳೇ ಕಾರು ಕೊಳ್ಳುವ ಆ ಮಹಾಶಯನ ನಂಬರನ್ನು ಫೋನಿನಲ್ಲಿ ಸಿದ್ಧವಾಗಿಟ್ಟುಕೊಂಡಿದ್ದಳು. ಕಳೆದ ಭಾನುವಾರ ಅವಳ ತಂಗಿಯ ನಿಶ್ಚಿತಾರ್ಥಕ್ಕೆಂದು ಇಬ್ಬರೂ ಚಂದಾಪುರಕ್ಕೆ ಹೊರಟೆವು. ಹೊಸೂರು ರಸ್ತೆಯಲ್ಲಿ ತಮ್ಮ ಜ್ವರ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಏರಿತು. ಕಾರು ನಿಲ್ಲಿಸಿದೆ, ವೇಣಿ ಫೋನ್ ತೆಗೆದಳು. ವೇಗ ಹೆಚ್ಚಿಸಿದಾಗ ತಾವು ಹಾಕುವ ಆ ಶಿಳ್ಳೆಯನ್ನು ಇನ್ನು ಕೇಳಲಾರೆನೆಂದು ನನಗೆ ಅಳುವೇ ಬಂತು, ಇದನ್ನು ಹೇಳಲು ನಾಚಿಕೆಯೇನಿಲ್ಲ.

ಆಗ ಪಕ್ಕದಲ್ಲಿ ರಸ್ತೆ ಕೆಲಸ ಮಾಡುತ್ತಿದ್ದ ರಾಯಚೂರು ಕಡೆಯ ಭೀಮಪ್ಪ ಎಂಬವರು ನೀರು ತಂದುಕೊಟ್ಟು, ಕಾರಿನ ಮುಂದೆ ಕೂತು ನೋಡಿ ಕೇಳಿದರು: “ಮುಂದ ಇಷ್ಟೆಲ್ಲಾ ಕಟ್ಟೀರಿ, ಗಾಳಿ ಎಲ್ಲಿಂದ ಒಳಗ ಹೋಗಬೇಕ್ರೀ ಸಾರ್?” ಫ್ಯಾನ್ ಕಾರ್ಖಾನೆಯ ಸೂಪರ್‌ವೈಸರ್‌ನ ಮುಖವನ್ನು ಒಮ್ಮೆ ನೋಡಿದ ವೇಣಿ ಫೋನನ್ನು ಚೀಲಕ್ಕೆ ಹಾಕಿದಳು. ಎಂಜಿನ್ ಆರಿದ ಮೇಲೆ ಬೊಂಬೆ ಸಮೇತ ಎಲ್ಲವನ್ನೂ ಬಿಚ್ಚಿ ಡಿಕ್ಕಿಯಲ್ಲಿಟ್ಟು ಹೊರಟೆವು. ಚಂದಾಪುರದವರೆಗೆ ಮುಳ್ಳು ಅಲುಗಲಿಲ್ಲ, ಅವಳ ನಗು ನಿಲ್ಲಲಿಲ್ಲ.

ಅಮ್ಮನ ಬೊಂಬೆ ಮತ್ತೆ ಜಾಲರಿಗೆ ಏರಲೇಬೇಕಾದ್ದರಿಂದ ತಾವು ದಯವಿಟ್ಟು ಇನ್ನು ಮುಂದೆ ಹಿಂದಿನ ಬಂಪರಿನ ಮೂಲಕ ಉಸಿರಾಡುವುದನ್ನು ರೂಢಿಸಿಕೊಳ್ಳಬೇಕು. ಅದಾಗದಿದ್ದರೆ, ಬೊಂಬೆ ಬಿಚ್ಚಿದ ವಿಷಯವನ್ನು ಅಮ್ಮನಿಗೆ ತಾವೇ ತಿಳಿಸಬೇಕು. ನನಗೆ ಅಷ್ಟು ಧೈರ್ಯವಿಲ್ಲ.

ತಮ್ಮ ಶಿಳ್ಳೆಗೆ ಈಗಲೂ ಮರುಳಾಗಿರುವ,
ತಮ್ಮ ವಿಶ್ವಾಸಿ,
ಮುರಳಿ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ವೇಣಿಯೇ ವಿಷಯ ಹೇಳಿಬಿಟ್ಟಳು. “ಅಂಗಾದ್ರೆ ದೃಷ್ಟಿ ಆಗಿರೋದು ಕಾರಿಗಲ್ಲ, ಓಡ್ಸೋನಿಗೆ” ಎಂದು ತೀರ್ಮಾನಿಸಿದ ಅಮ್ಮ, ಬೊಂಬೆಯನ್ನು ಪಟಿಕ, ಚಪ್ಪಲಿ ಸಮೇತ ನಾನು ಮಲಗುವ ಕೋಣೆಯ ಒಂದೇ ಒಂದು ಕಿಟಕಿಗೆ ಬಿಗಿದಿದ್ದಾರೆ. ವೇಣಿ ತನ್ನ ಹಾಸಿಗೆಯನ್ನು ನಡುಮನೆಗೆ ಬದಲಿಸಿದ್ದಾಳೆ. ತಮ್ಮ ಜ್ವರದ ಬಗ್ಗೆ ಮೇಲೆ ಬರೆದ ಮಾತುಗಳನ್ನೆಲ್ಲ ಬೆವರು ಒರೆಸಿಕೊಳ್ಳುತ್ತ ವಾಪಸು ಪಡೆಯುತ್ತಿದ್ದೇನೆ.