ಬಾಲದಲ್ಲಿ ಗಿಲಕಿ ಇರುವ ಹುಳ

ಟೆಕ್ಸಸ್ಸಿನ ಹಾವುಗಳು ಯಾರಿಗಾದರೂ ಹೆದರುತ್ತವೆ ಅಂದರೆ, ಅದು ಲಿಯಾಂಡರ್ ಎಂಬ ಊರಿನಲ್ಲಿರುವ ನನ್ನ ಗಂಡನ ಸೋದರಮಾವನಿಗೆ! ಕಚ್ಚಿದರೆ ಉಪನ್ಯಾಸ ಕೇಳಬೇಕಲ್ಲ!

ಹುಬ್ಬಳ್ಳಿ ಮೂಲದ ಈ ಮಾಮಾ ಊಟಕ್ಕೆ ಬಂದವರನ್ನೂ ಗಂಬೂಟು ಹಾಕಿಸಿಯೇ ಹಿತ್ತಲಿಗೆ ಬಿಡುವುದು. ಮೇಲೆ ರೇಷ್ಮೆ ಸೀರೆ, ಕೆಳಗೆ ಗಂಬೂಟು! ಬಡಿಸುವ ಮುಂಚೆ ಪಾಠ ಬೇರೆ: "ಕಣ್ಣಿಗೆ ಕಾಣದಲ್ಲಿ ಕೈ ಹಾಕಬ್ಯಾಡ್ರಿ. ಅದು ಕಡದ್ರ ಕೊಯ್ಯಬ್ಯಾಡ್ರಿ, ಚೀಪಬ್ಯಾಡ್ರಿ, ಬಿಗಿದು ಕಟ್ಟಬ್ಯಾಡ್ರಿ, ಐಸ್ ಇಡಬ್ಯಾಡ್ರಿ."

"ಮತ್ತೇನು ಮಾಡೋದು ಅಂಕಲ್?"

"ಉಂಗುರ ತಗೀರಿ, ಸುಮ್ಮ ಕೂಡ್ರಿ, 911ಗೆ ಫೋನ್ ಮಾಡ್ರಿ. ಔಷಧ ದವಾಖಾನ್ಯಾಗ ಐತಿ, ನಿಮ್ಮ ಅರಿಷಿಣದ ಡಬ್ಬ್ಯಾಗ ಇಲ್ಲ!"

ಇಷ್ಟೆಲ್ಲದರ ನಡುವೆ 'ಹಾವು' ಎಂಬ ಪದ ಒಮ್ಮೆಯೂ ಬರುವುದಿಲ್ಲ. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತದಂತೆ! ಹೊಸಬರೊಬ್ಬರು ಪಾಯಸ ಮುಗಿಯುವವರೆಗೂ ಇದು ಚೇಳಿನ ವಿಷಯ ಎಂದುಕೊಂಡಿದ್ದರು.

ಈ ವಸಂತದಲ್ಲಿ ನಾವಿರುವ ಅಲೆನ್ ಊರಿನಿಂದ ಮಾಮಾನ ಮನೆಗೆ ಹೋಗಿದ್ದಾಗ, ಬೆಳಿಗ್ಗೆ ಅವರ ಜೊತೆ ಟ್ರೇಲ್‌ನ ಕಾಲುದಾರಿಯಲ್ಲಿ ನಡೆಯಲು ಹೊರಟೆ. ನನ್ನ ಟೋಪಿ ಗಾಳಿಗೆ ಹಾರಿ ಬಂಡೆಯ ಸಂದಿಗೆ ಬಿತ್ತು. ಲೋಕಕ್ಕೆಲ್ಲ ಬುದ್ಧಿ ಹೇಳಿದ ಮಹಾನುಭಾವರು ಜೊತೆಗೆ ತಂದಿದ್ದ ಕೋಲು ಬಿಟ್ಟು ಕೈಯನ್ನೇ ಹಾಕಬೇಕೆ? ತಟ್ಟನೆ ಹಿಂದೆಳೆದುಕೊಂಡು, ದೂರ ಸರಿದು ಕೂತರು.

"ತಂಗಿ, ಇಲ್ಲಿ ಬಾ. ಹುಳ ಮುಟ್ಟೇತಿ."

ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ನನಗೆ ಹುಳ ಅಂದರೆ ಹುಳವೇ! ಪಕ್ಕದಲ್ಲಿ ಕೂತು, ಕೈ ಹಿಡಿದು, ತುರಿಕೆಯ ಕ್ರೀಮ್ ಹೊರತೆಗೆದೆ.

"ಆ ಹುಳಕ್ಕ ಕ್ರೀಮ್ ಸಾಲೂದಿಲ್ಲವಾ," ಅಂದರು, ಉಂಗುರ ಕಳಚುತ್ತ. "ಅದರ ಬಾಲದಾಗ ಗಿಲಕಿ ಐತಿ."

ಆಗ ಕೇಳಿಸಿತು ಬಂಡೆಯ ಸಂದಿಯಿಂದ ಆ ಸದ್ದು: ರ‍್ಯಾಟಲ್‌ಸ್ನೇಕ್! ಈಗಲೂ ಯಾರದೋ ಲಾನ್‌ನಲ್ಲಿ ಸ್ಪ್ರಿಂಕ್ಲರ್ ಚರ್ರೆಂದರೆ ನಾನು ಎರಡು ಹೆಜ್ಜೆ ಹಿಂದೆ ಹಾರುತ್ತೇನೆ. 911ಗೆ ಹೇಗೆ ಫೋನ್ ಮಾಡಿದೆನೋ! ಅವರ ಕೈ ಕಣ್ಣೆದುರೇ ಊದುತ್ತಿತ್ತು. ಆಂಬುಲೆನ್ಸ್ ಬರುವವರೆಗೂ ಈ ಪುಣ್ಯಾತ್ಮರು ನನಗೆ ಪರೀಕ್ಷೆ ಇಟ್ಟರು: "ಹೂಂ, ಏನೇನು ಮಾಡಬಾರದು ಹೇಳು?"

"ಕೊಯ್ಯಬಾರದು, ಚೀಪಬಾರದು..." ಅಳುತ್ತ ಒಪ್ಪಿಸಿದೆ.

"ಪಾಸಾದಿ!"

ಆಸ್ಪತ್ರೆಯಲ್ಲಿ ವಿಷಕ್ಕೆ ಮದ್ದು ಏರಿತು. ಮರುದಿನ ಕೈ ಕುಂಬಳಕಾಯಿ, ಮುಖದಲ್ಲಿ ನಗು! ನಾನು ಜಗಳಕ್ಕೆ ನಿಂತೆ: "ಆಗಲಾದರೂ ಹಾವು ಅನ್ನೋಕೆ ಏನಾಗಿತ್ತು ಮಾಮಾ? ಕರೆದರೆ ಬರುತ್ತೆ ಅಂತೀರಿ, ಬಂದು ಕಚ್ಚಿಯೂ ಆಗಿತ್ತಲ್ಲ!"

ಊದದ ಕೈಯನ್ನು ನನ್ನ ತಲೆಯ ಮೇಲಿಟ್ಟರು.

"ಅದರ ಹೆಸರು ಹೇಳಿದ್ರ ನೀ ಓಡಿ ಹೋಗ್ತಿದ್ದಿ. ಹುಳ ಅಂದಿದ್ದಕ್ಕ ಬಾಜೂಕ ಬಂದು ಕುಂತಿ, ಕೈ ಹಿಡದಿ. ನನಗೂ ಅಂಜಿಕಿ ಆಗಿತ್ತವಾ."