ಎತ್ತುಗಳಿಗೆ ಗೊತ್ತಿಲ್ಲದ ಕಾಯಿದೆ

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ವಿದ್ಯೆಯೆಲ್ಲ ಚರಂಡಿಗೆ ಬಿತ್ತು. ಜೊತೆಗೆ ದಸ್ತಗೀರ ಸಾಹೇಬರೂ ಬಿದ್ದರು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ಆಗ ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ. ಅಪಾಯದ ಹೊತ್ತಿನಲ್ಲಿ ಬಿ.ಎ. ಓದಿದವರು ಮಾಡುವ ಕೆಲಸ ಸಾಮಾನ್ಯವಾಗಿ ಇಂಥದ್ದೇ.

ನಾನು ಹಳಿಯಾಳದಲ್ಲಿ ಶಾಲಾ ಮಾಸ್ತರ. ಸಾಹೇಬರದು ಅಲ್ಲಿ ಸೈಕಲ್ ರಿಪೇರಿ ಅಂಗಡಿ. ದಿನಾ ನಮ್ಮೂರಿನಿಂದ ಒಟ್ಟಿಗೇ ಹೊರಡುತ್ತಿದ್ದೆವು. ರಸ್ತೆಯನ್ನು ಬಂಡಿಗಳು ಅರೆದು ಹಿಟ್ಟು ಮಾಡಿದ್ದರಿಂದ ಸೈಕಲ್ಲಿನವರು ಅದರ ಅಂಚಿನಲ್ಲೇ ಒಂದು ಸಣ್ಣ ಹಾದಿ ಸವೆಸಿಕೊಂಡಿದ್ದೆವು. ಸಾಂಬ್ರಾಣಿ ಕಡೆಯ ಇಳಿಜಾರಿನಿಂದ ಸಾಗವಾನಿ ದಿಮ್ಮಿ ಹೇರಿದ ಬಂಡಿಗಳು ಬಂದು ಈ ಹಾದಿಯನ್ನು ಅಡ್ಡ ದಾಟುತ್ತವೆ. ಬಂಡಿಯವ ಮಲಗಿರುತ್ತಾನೆ, ಎತ್ತುಗಳಿಗೆ ದಾರಿ ಬಾಯಿಪಾಠ. ಸಾಹೇಬರು ಅಲ್ಲಿ ಇಳಿದು, ಸೈಕಲ್ಲಿನ ಗಂಟೆಯ ಮೇಲೆ ಅಂಗೈ ಮುಚ್ಚಿ, ತಳ್ಳಿಕೊಂಡು ದಾಟುತ್ತಿದ್ದರು.

ನನಗೆ ನಗು. "ಸಾಹೇಬರ, ನೆಟ್ಟಗ ಹೋಗಾವಗ ಮೊದಲ ಹಕ್ಕು. ಅಡ್ಡಹಾದ್ಯಾಗ ಬರಾವ ನಿಲ್ಲಬೇಕು. ಕಾಯಿದೆ ಐತ್ರಿ. ಗಂಟಿ ಬಾರಸ್ರಿ, ನಡೀರಿ!"

"ಗಂಟಿ ಕೇಳಿದ್ರ ಎತ್ತು ಓಡ್ತಾವ್ರಿ ಮಾಸ್ತರ. ಮುಂದಿನ ಬಂಡಿ ಎತ್ತಿನ ಕೊರಳಗಂಟಿ ಅಂತ ತಿಳದು ಬೆನ್ನಹತ್ತತಾವು. ನಿಮ್ಮ ಕಾಯಿದೆ ಅವಕ್ಕ ಯಾರು ಹೇಳ್ಯಾರು?"

ಆದರೂ ಎರಡು ತಿಂಗಳು ಅಂಜುಬುರುಕ ಎಂದು ಹಂಗಿಸಿದೆ. ಅಂದು ಪಾಪ, ನನ್ನ ಕಾಟಕ್ಕೆ ಸೋತು ಇಳಿಯದೆ ಗಂಟೆ ಬಾರಿಸುತ್ತ ಹೋದರು. ಎತ್ತುಗಳು ಓಟ ಕಿತ್ತವು. ಸಾಹೇಬರು ಚರಂಡಿಗೆ ಹಾರಿದರು. ಒಂದು ಗಳಿಗೆಯ ಹಿಂದೆ ಅವರು ಕುಳಿತಿದ್ದ ಸೈಕಲ್ಲಿನ ಮೇಲೆ ಬಂಡಿಯ ಗಾಲಿ ಹಾದುಹೋಯಿತು. ಚಪ್ಪಟೆಯಾದ ಗಂಟೆ ಕೊನೆಗೊಮ್ಮೆ ಸಣ್ಣಗೆ ಟಿಣ್ ಅಂದಿತು.

ಬಂಡಿಯ ಬಸಪ್ಪ ಎಚ್ಚರಾದದ್ದು ಆಮೇಲೆ. "ಯಾವಂವ ಅಂವ, ಗಂಟಿ ಬಾರಿಸಿದಾವ?" ಎಂದು ನಮ್ಮನ್ನೇ ಗದರಿಸಿದ. ನಾನು ಕಾಯಿದೆ ಹೇಳಲು ಬಾಯಿ ತೆರೆದೆ. ಚರಂಡಿಯಿಂದ ದನಿ ಬಂತು: "ಮಾಸ್ತರ, ಮೊದಲ ನನಗ ಕೈ ಕೊಡ್ರಿ. ಕಾಯಿದೆ ಸಂಜೀಕ ಹೇಳೂಣು."

ಮೊಣಕೈ ತರಚಿದ ಸಾಹೇಬರು ಅಂದು ರಾತ್ರಿಯೇ ಹಾಯಾಗಿ ನಿದ್ದೆ ಮಾಡಿದರು. ಕೂದಲೂ ಕೊಂಕದ ನನಗೆ ಮಾತ್ರ ಕಣ್ಣು ಮುಚ್ಚಿದರೆ ಆ ಗಾಲಿ. "ಬಿದ್ದಾವ್ರು ಅವ್ರು, ಚೀರಾವ್ರು ನೀವು! ಇದೆಂಥಾದ್ದರಿ?" ಎಂದಳು ನನ್ನ ಹೆಂಡತಿ.

ಹದಿಮೂರನೆಯ ದಿನ, ಸೋಮವಾರ, ಬಂಡಿಗಳು ಅಡ್ಡ ದಾಟುವಲ್ಲಿ ನಾನೂ ಇಳಿದೆ. ಗಂಟೆಯ ಮೇಲೆ ಅಂಗೈ ಮುಚ್ಚಿ ನಿಂತೆ. ಬಸಪ್ಪ ಗೊರಕೆ ಹೊಡೆಯುತ್ತ ಎದುರಿಗೇ ಹಾದುಹೋದ. ಆ ರಾತ್ರಿ ನಾನೂ ಅವನಂತೆಯೇ, ಬೆಳಗಿನವರೆಗೆ, ಎಚ್ಚರವಿಲ್ಲದೆ ಮಲಗಿದೆ. ಹೆಂಡತಿ ಹೇಳುವಂತೆ, ಗೋಡೆಯ ಗಡಿಯಾರ ಗಂಟೆ ಬಾರಿಸಿದಾಗಲೆಲ್ಲ ಹಾಸಿಗೆಯ ಅಂಚಿಗೆ ಸರಿದು, ಯಾರಿಗೋ ದಾರಿ ಬಿಡುತ್ತಿದ್ದೆನಂತೆ.